ಭುಜ ಸೋತರೂ ಆಟ ಮುಗಿಯುವುದಿಲ್ಲ

(ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡು ಭಾಗದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಅದರ ಬೆಲೆ ನಮಗೆ ಗೊತ್ತು. ಆದ್ದರಿಂದ ನಿಮ್ಮ ಕೆಲಸಕ್ಕೆ ಬರುವ ಮಾತನ್ನೇ ಆಡಬೇಕೆಂದುಕೊಂಡಿದ್ದೇವೆ. ಸಾಲ, ಕಂತು, ವಿಮೆ ಎಲ್ಲವೂ ಬರುತ್ತವೆ. ಆದರೆ ಮೊದಲು ಒಬ್ಬ ಕ್ರಿಕೆಟ್ ಆಟಗಾರರ ವಿಷಯ ಮಾತಾಡೋಣ. "ಹೆಂಗಸರ ಸಭೆಯಲ್ಲಿ ಕ್ರಿಕೆಟ್ ಯಾಕೆ ಸಿಸ್ಟರ್? ಮನೆಯಲ್ಲಿ ಗಂಡಸರು ಟಿ.ವಿ. ಮುಂದೆ ಕೂತಿರೋದು ಸಾಲದಾ?" ಅಂತ ಕೆಲವರು ಆಗಲೇ ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ಆಟ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಭುಜ ನೋವು ಅಂದರೆ ಏನು ಅಂತ ಗೊತ್ತಿದ್ದರೆ ಸಾಕು. ಅದು ನಿಮಗೆಲ್ಲ ಚೆನ್ನಾಗಿ ಗೊತ್ತು.

ಸಿರುಗುಪ್ಪದ ಕಡೆಯಿಂದ ಬಂದವರು ಕಾಲುವೆ ನೀರು ಬಿಟ್ಟ ಕೂಡಲೇ ಗದ್ದೆಗೆ ಇಳಿಯುತ್ತೀರಿ. ಬೆಳಗಿನಿಂದ ಸಂಜೆತನಕ ಬಗ್ಗಿದ ಸೊಂಟ ಎತ್ತದೆ ಭತ್ತದ ನಾಟಿ ಮಾಡುತ್ತೀರಿ. ಕುರುಗೋಡಿನ ಕಡೆಯವರು ಮೆಣಸಿನಕಾಯಿ ಬಿಡಿಸುತ್ತೀರಿ, ಹತ್ತಿ ಬಿಡಿಸುತ್ತೀರಿ, ಚೀಲ ಹೊರುತ್ತೀರಿ. ಬಳ್ಳಾರಿಯವರಲ್ಲಿ ಅರ್ಧದಷ್ಟು ಜನ ಜೀನ್ಸ್ ಹೊಲಿಯುವವರು. ದಪ್ಪ ಬಟ್ಟೆ, ಓಡುವ ಮೆಷಿನ್, ಪೀಸಿಗೆ ಇಷ್ಟು ಅಂತ ಲೆಕ್ಕ, ಬಗ್ಗಿದ ಕತ್ತು. ಮೂರು ಕಡೆಯ ಕೆಲಸ ಬೇರೆ ಬೇರೆ. ಆದರೆ ನಲವತ್ತು ದಾಟಿದ ಮೇಲೆ ಮೂರು ಕಡೆಯೂ ಬರುವ ಮಾತು ಒಂದೇ: "ಇನ್ನ ನನ್ನ ಕೈಲಿ ಆಗಲ್ಲ ಸಿಸ್ಟರ್. ಸಂಘದಿಂದ ನನ್ನ ಹೆಸರು ತೆಗೀರಿ."

ಈ ಮಾತಿನಲ್ಲಿ ಎರಡು ವಿಷಯ ಸೇರಿಕೊಂಡಿವೆ. "ನನ್ನ ಕೈಲಿ ಆಗಲ್ಲ" ಅನ್ನುವುದು ಮೈ ಹೇಳುವ ಮಾತು. ಅದು ನಿಜ. "ಹೆಸರು ತೆಗೀರಿ" ಅನ್ನುವುದು ಭಯ ಹೇಳುವ ಮಾತು. ಅದು ನಿಜವಾಗಬೇಕಿಲ್ಲ. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದಕ್ಕೇ ನಾವು ಅನಿಲ್ ಕುಂಬ್ಳೆಯವರ ಕಥೆ ತಂದಿದ್ದೇವೆ.

ಯಾರು ಈ ಕುಂಬ್ಳೆ?

ಬೆಂಗಳೂರಿನ ಎಂ.ಜಿ. ರಸ್ತೆಗೆ ಹೋದವರು ಅವರ ಹೆಸರಿನ ವೃತ್ತವನ್ನು ನೋಡಿರಬಹುದು. 1970ರ ಅಕ್ಟೋಬರ್ 17ರಂದು ಬೆಂಗಳೂರಿನಲ್ಲಿ ಹುಟ್ಟಿದರು. ಕುಂಬ್ಳೆ ಅನ್ನುವುದು ಕಾಸರಗೋಡು ಸೀಮೆಯ ಒಂದು ಊರು. ಆ ಊರಿನ ಹೆಸರೇ ಮನೆತನದ ಹೆಸರಾಯಿತು. ಕನ್ನಡಕ ಹಾಕಿಕೊಂಡ, ಇಂಜಿನಿಯರಿಂಗ್ ಓದಿದ ಹುಡುಗ. 1990ರಲ್ಲಿ ಇಂಗ್ಲೆಂಡಿನಲ್ಲಿ ಭಾರತಕ್ಕಾಗಿ ಮೊದಲ ಟೆಸ್ಟ್ ಪಂದ್ಯ ಆಡಿದರು.

ಅವರ ಕೆಲಸ ಬೌಲಿಂಗ್, ಅಂದರೆ ಚೆಂಡು ಎಸೆಯುವುದು. ನೋಡುವವರಿಗೆ ಸುಲಭ ಅನಿಸುತ್ತದೆ. ಆದರೆ ಪ್ರತಿ ಸಲವೂ ಓಡಿ ಬರಬೇಕು, ತೋಳನ್ನು ಮೇಲೆತ್ತಿ ಪೂರ್ತಿ ತಿರುಗಿಸಬೇಕು, ಬೆರಳು ಮಣಿಕಟ್ಟಿನಿಂದ ಚೆಂಡಿಗೆ ತಿರುವು ಕೊಡಬೇಕು. ಟೆಸ್ಟ್ ಪಂದ್ಯಗಳಲ್ಲೇ ಅವರು ತಮ್ಮ ಜೀವಮಾನದಲ್ಲಿ 40,850 ಚೆಂಡು ಎಸೆದರು. ಒಂದೇ ಭುಜ ಅಷ್ಟು ಸಲ ತಿರುಗಿತು. ಒಂದು ಎಕರೆ ನಾಟಿಗೆ ನಮ್ಮ ಸೊಂಟ ಎಷ್ಟು ಸಲ ಬಗ್ಗುತ್ತದೆ ಅಂತ ನಾವು ಯಾರೂ ಎಣಿಸಿಲ್ಲ. ಕ್ರಿಕೆಟ್‌ನಲ್ಲಿ ಎಣಿಸಿ ಬರೆದಿಡುತ್ತಾರೆ, ಅಷ್ಟೇ ವ್ಯತ್ಯಾಸ. ಎಣಿಸಿದರೂ ಎಣಿಸದಿದ್ದರೂ ಮೈ ಸವೆಯುವುದು ಒಂದೇ ರೀತಿ.

1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ ಹತ್ತಕ್ಕೆ ಹತ್ತೂ ವಿಕೆಟ್ ತೆಗೆದರು. ಅವರಿಗಿಂತ ಮುಂಚೆ ಟೆಸ್ಟ್ ಕ್ರಿಕೆಟ್‌ನಲ್ಲಿ ಹಾಗೆ ಮಾಡಿದವರು ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ, ಅದೂ 1956ರಲ್ಲಿ. ಇಡೀ ದೇಶ ಕುಂಬ್ಳೆಯವರನ್ನು ಹೆಗಲ ಮೇಲೆ ಹೊತ್ತು ಕುಣಿಯಿತು.

ಭುಜ ಸೋತ ವರ್ಷ

ಅದಾಗಿ ಎರಡು ವರ್ಷವೂ ತುಂಬಿರಲಿಲ್ಲ. 2000ದ ಕೊನೆಯ ಹೊತ್ತಿಗೆ ಬಲ ಭುಜ ಕೈಕೊಟ್ಟಿತು. ಶಸ್ತ್ರಚಿಕಿತ್ಸೆ ಆಯಿತು. ಸುಮಾರು ಒಂದು ವರ್ಷ ಆಟದಿಂದ ಹೊರಗೆ ಉಳಿಯಬೇಕಾಯಿತು. ಆಗ ಅವರಿಗೆ ಮೂವತ್ತು ವರ್ಷ. ನಮ್ಮಲ್ಲಿ ಮೂವತ್ತು ಅಂದರೆ ಏನೂ ಅಲ್ಲ. ಆದರೆ ಭುಜದ ಮೇಲೆ ಬದುಕುವ ಬೌಲರ್‌ಗೆ ಅದು ಸಂಜೆಯ ಹೊತ್ತು.

ಅವರು ಮನೆಯಲ್ಲಿದ್ದಾಗ ಆಟ ನಿಲ್ಲಲಿಲ್ಲ. 2001ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾ ತಂಡ ಭಾರತಕ್ಕೆ ಬಂತು. ಇಪ್ಪತ್ತು ವರ್ಷದ ಹರ್ಭಜನ್ ಸಿಂಗ್ ಮೂರು ಪಂದ್ಯಗಳಲ್ಲಿ 32 ವಿಕೆಟ್ ತೆಗೆದ. ಭಾರತ ಸರಣಿ ಗೆದ್ದಿತು. ಎಲ್ಲರ ಬಾಯಲ್ಲೂ ಹೊಸ ಹುಡುಗನ ಹೆಸರು.

ಅಕ್ಕಂದಿರೇ, ಈ ಅನುಭವ ನಿಮಗೆ ಹೊಸದಲ್ಲ. ಎರಡು ತಿಂಗಳು ಕಾಯಿಲೆ ಬಿದ್ದು ಗಾರ್ಮೆಂಟ್ಸ್‌ಗೆ ಹೋಗಿ ನೋಡಿದರೆ ನಿಮ್ಮ ಮೆಷಿನ್ ಮೇಲೆ ಬೇರೆ ಹುಡುಗಿ ಕೂತಿರುತ್ತಾಳೆ. ಅವಳ ಕೈ ನಿಮಗಿಂತ ಚುರುಕು. ನಾಟಿ ಗುಂಪಿನಲ್ಲಿ ನಿಮ್ಮ ಸಾಲಿಗೆ ಬೇರೆಯವಳು ಸೇರಿರುತ್ತಾಳೆ. ಅವಳ ಮೇಲೆ ಸಿಟ್ಟು ಬರುತ್ತದೆ. ಆದರೆ ಅವಳದು ತಪ್ಪಲ್ಲ, ಅವಳಿಗೂ ಹೊಟ್ಟೆ ಇದೆ. "ಕೈ ಕೆಸರಾದರೆ ಬಾಯಿ ಮೊಸರು" ಅಂತ ನಮ್ಮ ಹಿರಿಯರು ಹೇಳಿದ್ದಾರೆ. ಕೈಯೇ ಸೋತರೆ ಏನು ಮಾಡಬೇಕು? ಅದನ್ನು ಗಾದೆ ಹೇಳಿಲ್ಲ. ನಾವೇ ಕಂಡುಕೊಳ್ಳಬೇಕು.

ಕುಂಬ್ಳೆ ಏನು ಮಾಡಿದರು? ಮೂರು ಕೆಲಸ ಮಾಡಿದರು. ಒಂದೊಂದಾಗಿ ನೋಡೋಣ.

ಮೊದಲನೆಯದು: ಮೈಗೆ ಸಮಯ ಕೊಟ್ಟರು

ಶಸ್ತ್ರಚಿಕಿತ್ಸೆ ಆದ ಕೂಡಲೇ ಮೈದಾನಕ್ಕೆ ಓಡಲಿಲ್ಲ. 2001ರ ಕೊನೆಯ ತಿಂಗಳುಗಳಲ್ಲಿ ಮರಳಿ ಬಂದರು. ಇಂಥದ್ದು ನಮ್ಮ ಜಿಲ್ಲೆಯಲ್ಲೂ ನಡೆದಿದೆ. ತೋರಣಗಲ್ಲಿನಲ್ಲಿ 2018ರಲ್ಲಿ ಇನ್‌ಸ್ಪೈರ್ ಎಂಬ ಕ್ರೀಡಾ ತರಬೇತಿ ಸಂಸ್ಥೆ ಶುರುವಾಯಿತು. ಭರ್ಜಿ ಎಸೆಯುವ ನೀರಜ್ ಚೋಪ್ರಾ 2019ರ ಮೇ ತಿಂಗಳಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ಅಲ್ಲಿ ಇದ್ದು ಚೇತರಿಸಿಕೊಂಡರು. ಮತ್ತೆ ಸ್ಪರ್ಧೆಗೆ ಇಳಿದದ್ದು 2020ರ ಜನವರಿಯಲ್ಲಿ. ಟೋಕಿಯೋದಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದದ್ದು 2021ರ ಆಗಸ್ಟ್‌ನಲ್ಲಿ. ಅಷ್ಟು ಗಟ್ಟಿ ಹುಡುಗನಿಗೂ ಮೈ ಕೂಡಲು ತಿಂಗಳುಗಟ್ಟಲೆ ಬೇಕಾಯಿತು. ಗರ್ಭಕೋಶದ ಆಪರೇಷನ್ ಆಗಿ ತಿಂಗಳೊಳಗೆ ತಲೆ ಮೇಲೆ ಬಿಂದಿಗೆ ಹೊರುವ ನಮ್ಮ ಹೆಣ್ಣುಮಕ್ಕಳು ಯಾವ ಲೆಕ್ಕದಲ್ಲಿ ಹೊರುತ್ತಾರೆ, ನೀವೇ ಹೇಳಿ.

"ಅವರಿಗೇನು ಸಿಸ್ಟರ್, ಡಾಕ್ಟರಿದ್ದಾರೆ, ದುಡ್ಡಿದೆ. ನಾವು ಮನೇಲಿ ಕೂತರೆ ಒಲೆ ಹತ್ತಬೇಕಲ್ಲ?" ನೂರಕ್ಕೆ ನೂರು ನಿಜ. ಇದನ್ನು ನಾವು ಮುಚ್ಚಿಡುವುದಿಲ್ಲ. ಆಟಗಾರನ ಬೆನ್ನಿಗೆ ಕ್ರಿಕೆಟ್ ಮಂಡಳಿ ಇದೆ, ವೈದ್ಯರಿದ್ದಾರೆ, ಕೈಯಲ್ಲಿ ಗಳಿಕೆ ಇದೆ. ನಿಮ್ಮ ಬೆನ್ನಿಗೆ ಯಾರಿದ್ದಾರೆ? ಹೆಚ್ಚಿನವರಿಗೆ ಸಂಘ ಒಂದೇ ಇರುವುದು. ಹಾಗಾಗಿ ಮೈಗೆ ಸಮಯ ಕೊಡುವ ಕೆಲಸ ನೋವು ತಿನ್ನುವ ಒಬ್ಬಳದೇ ಅಲ್ಲ. ಸಂಘದ ಎಲ್ಲರದೂ ಹೌದು. ಹೇಗೆ ಅಂತ ಆಮೇಲೆ ಲೆಕ್ಕ ಹಾಕಿ ತೋರಿಸುತ್ತೇವೆ.

ಎರಡನೆಯದು: ಮಾಡುವ ರೀತಿ ಬದಲಿಸಿದರು

ಕುಂಬ್ಳೆ ಮೊದಲಿಂದಲೂ ಚೆಂಡನ್ನು ಜೋರಾಗಿ, ನೇರವಾಗಿ ಎಸೆಯುತ್ತಿದ್ದರು. ಬೇರೆ ಸ್ಪಿನ್ನರ್‌ಗಳ ಹಾಗೆ ಚೆಂಡು ಹೆಚ್ಚು ತಿರುಗುವುದಿಲ್ಲ ಎಂದು ಟೀಕೆ ಮಾಡುವವರಿದ್ದರು. ಭುಜಕ್ಕೆ ಪೆಟ್ಟಾದ ಮೇಲೆ ಹಳೆಯ ಬಲವನ್ನೇ ನೆಚ್ಚಿಕೊಂಡು ಕೂರಲಿಲ್ಲ. ವೇಗ ಹೆಚ್ಚು ಕಡಿಮೆ ಮಾಡುವುದನ್ನು ಬೆಳೆಸಿಕೊಂಡರು. ಬ್ಯಾಟ್ಸ್‌ಮನ್ ಒಂದು ಕಡೆ ತಿರುಗುತ್ತದೆ ಅಂದುಕೊಂಡಾಗ ಇನ್ನೊಂದು ಕಡೆ ತಿರುಗುವ ಗೂಗ್ಲಿಯನ್ನು ತಿದ್ದಿಕೊಂಡರು. ಭುಜ ಕಡಿಮೆ ದುಡಿಯುವ ಕಡೆ ತಲೆ ಹೆಚ್ಚು ದುಡಿಯಿತು.

ಆದರೂ ತಂಡದಲ್ಲಿ ಜಾಗ ಗ್ಯಾರಂಟಿ ಇರಲಿಲ್ಲ. ಒಬ್ಬನೇ ಸ್ಪಿನ್ನರ್ ಬೇಕು ಅಂದಾಗ ಹರ್ಭಜನ್ ಆಡುತ್ತಿದ್ದರು, ಕುಂಬ್ಳೆ ಹೊರಗೆ ಕೂರುತ್ತಿದ್ದರು. 2003ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾ ಪ್ರವಾಸದ ಮೊದಲ ಟೆಸ್ಟ್‌ನಲ್ಲೂ ಹಾಗೇ ಆಯಿತು. ಹತ್ತಕ್ಕೆ ಹತ್ತು ತೆಗೆದ ಮನುಷ್ಯ ಕಿರಿಯ ಆಟಗಾರ ಆಡುವುದನ್ನು ನೋಡುತ್ತಾ ಕೂತರು. ಆಮೇಲೆ ಹರ್ಭಜನ್ ಬೆರಳಿಗೆ ಗಾಯವಾಗಿ ಊರಿಗೆ ಮರಳಬೇಕಾಯಿತು. ಕುಂಬ್ಳೆಗೆ ಕರೆ ಬಂತು. ಉಳಿದ ಮೂರು ಟೆಸ್ಟ್‌ಗಳಲ್ಲಿ 24 ವಿಕೆಟ್ ತೆಗೆದರು. ಅಡಿಲೇಡ್‌ನಲ್ಲಿ ಭಾರತ ಗೆದ್ದಿತು. ಸಿಡ್ನಿಯ ಒಂದೇ ಪಂದ್ಯದಲ್ಲಿ ಅವರಿಗೆ 12 ವಿಕೆಟ್ ಸಿಕ್ಕಿತು.

ಹೊರಗೆ ಕೂತಿದ್ದಾಗ ಅವರು ಮುನಿಸಿಕೊಂಡು ಅಭ್ಯಾಸ ಬಿಟ್ಟಿದ್ದರೆ ಕರೆ ಬಂದ ದಿನ ಏನಾಗುತ್ತಿತ್ತು? ನಮ್ಮಲ್ಲಿ ಎಷ್ಟೋ ಜನ ಹಿರಿಯ ಸದಸ್ಯೆಯರು ಪ್ರತಿನಿಧಿ ಸ್ಥಾನ ಬೇರೆಯವರಿಗೆ ಹೋದ ಕೂಡಲೇ ಸಭೆಗೇ ಬರುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂರುವುದೂ ಒಂದು ಕೆಲಸ. ಅದನ್ನು ಕಲಿಯಬೇಕು.

ಒಂದು ಲೆಕ್ಕ ನೆನಪಿಡಿ. ಕುಂಬ್ಳೆ ಟೆಸ್ಟ್ ಪಂದ್ಯಗಳಲ್ಲಿ ಒಟ್ಟು ತೆಗೆದ ವಿಕೆಟ್ 619. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಭುಜದ ಶಸ್ತ್ರಚಿಕಿತ್ಸೆ ಆದ ನಂತರ. 2004ರ ಡಿಸೆಂಬರ್‌ನಲ್ಲಿ ಕಪಿಲ್ ದೇವ್ ಅವರ 434 ವಿಕೆಟ್‌ಗಳ ದಾಖಲೆ ದಾಟಿದ್ದೂ ಆ ನಂತರವೇ. "ಇವನ ಕಾಲ ಮುಗಿಯಿತು" ಅಂತ 2001ರಲ್ಲಿ ಹೆಸರು ತೆಗೆದಿದ್ದರೆ ಆ ಅರ್ಧ ಪಾಲು ಭಾರತಕ್ಕೆ ಸಿಗುತ್ತಲೇ ಇರಲಿಲ್ಲ.

ದವಡೆಗೆ ಪಟ್ಟಿ ಕಟ್ಟಿದ ಚಿತ್ರ

ಇಲ್ಲಿ ಸ್ವಲ್ಪ ನಿಲ್ಲೋಣ. ಕುಂಬ್ಳೆ ಅಂದ ಕೂಡಲೇ ಎಲ್ಲರೂ ಹೇಳುವ ಕಥೆ ಬೇರೆಯೇ ಇದೆ. 2002ರ ಮೇ ತಿಂಗಳು, ವೆಸ್ಟ್ ಇಂಡೀಸ್‌ನ ಆಂಟಿಗಾ. ಬ್ಯಾಟ್ ಮಾಡುವಾಗ ಚೆಂಡು ಬಡಿದು ದವಡೆ ಮುರಿಯಿತು. ತಲೆಯಿಂದ ಗಲ್ಲದವರೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಮೈದಾನಕ್ಕೆ ಇಳಿದರು. 14 ಓವರ್ ಬೌಲಿಂಗ್ ಮಾಡಿ, ದೊಡ್ಡ ಆಟಗಾರ ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದರು. ಆ ಚಿತ್ರ ಎಲ್ಲಾ ಪತ್ರಿಕೆಗಳಲ್ಲಿ ಬಂತು. ಶಾಲೆಗಳಲ್ಲಿ, ತರಬೇತಿಗಳಲ್ಲಿ ಈಗಲೂ ಅದನ್ನೇ ತೋರಿಸಿ "ನೋಡಿ, ಛಲ ಅಂದರೆ ಇದು" ಅನ್ನುತ್ತಾರೆ.

ಅವರ ಧೈರ್ಯಕ್ಕೆ ನಾವೂ ತಲೆಬಾಗುತ್ತೇವೆ. ಆದರೆ ಈ ಸಭೆಯಲ್ಲಿ ಆ ಕಥೆಯನ್ನು ಪಾಠವಾಗಿ ಹೇಳಲು ನಮಗೆ ಮನಸ್ಸಿಲ್ಲ. ಯಾಕೆಂದರೆ ಪಟ್ಟಿ ಕಟ್ಟಿಕೊಂಡು ದುಡಿಯುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಜ್ವರದಲ್ಲಿ ರೊಟ್ಟಿ ಬಡಿಯುವವರು ನೀವು. ಸೊಂಟಕ್ಕೆ ಸೀರೆ ಬಿಗಿದು ನಾಟಿಗೆ ಇಳಿಯುವವರು ನೀವು. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು, ಒಂದು ನುಂಗಿ, ಎರಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೆಷಿನ್ ಮೇಲೆ ಕೂರುವವರು ನೀವು. ಕುಂಬ್ಳೆ ಅದನ್ನು ಒಂದು ದಿನ ಮಾಡಿದರು, ಆಮೇಲೆ ವಿಮಾನ ಹತ್ತಿ ಬೆಂಗಳೂರಿಗೆ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ನೀವು ಅದನ್ನು ವರ್ಷಗಟ್ಟಲೆ ಮಾಡುತ್ತೀರಿ, ಚಿಕಿತ್ಸೆಯ ದಿನ ಬರುವುದೇ ಇಲ್ಲ.

ಆ ಮಾತ್ರೆಗಳ ಬಗ್ಗೆ ಒಂದು ಎಚ್ಚರಿಕೆ. ವೈದ್ಯರನ್ನು ಕೇಳದೆ ದಿನಾ ನೋವಿನ ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ನೋವು ಎರಡು ವಾರ ಆದರೂ ಹೋಗದಿದ್ದರೆ, ಕೈಬೆರಳು ಜೋಮು ಹಿಡಿದರೆ, ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ. ನೋವು ಸಹಿಸುವುದನ್ನು ಹೆಣ್ಣಿನ ಗುಣ ಅಂತ ಹೊಗಳುವವರ ಮಾತಿಗೆ ಕಿವಿಗೊಡಬೇಡಿ. ಪಟ್ಟಿ ಕಟ್ಟಿದ ಆ ಒಂದು ದಿನಕ್ಕಿಂತ, ಯಾರೂ ಫೋಟೋ ತೆಗೆಯದ ಭುಜದ ಆ ಒಂದು ವರ್ಷದಲ್ಲಿ ನಮಗೆ ಬೇಕಾದ ಪಾಠವಿದೆ.

ಮೂರನೆಯದು: ಜಾಗ ಬದಲಿಸಿದರು

2007ರ ಮಾರ್ಚ್‌ನಲ್ಲಿ ಕುಂಬ್ಳೆ ಒಂದು ದಿನದ ಪಂದ್ಯಗಳನ್ನು ಬಿಟ್ಟರು. ಟೆಸ್ಟ್ ಪಂದ್ಯ ಉಳಿಸಿಕೊಂಡರು. ನೋಡಿ, ಎಲ್ಲವನ್ನೂ ಬಿಡಲಿಲ್ಲ, ಎಲ್ಲವನ್ನೂ ಹಿಡಿದುಕೊಳ್ಳಲೂ ಇಲ್ಲ. ಮೈ ಯಾವುದನ್ನು ತಡೆಯುತ್ತದೋ ಅದನ್ನು ಇಟ್ಟುಕೊಂಡರು. ಅದೇ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಓವಲ್ ಮೈದಾನದಲ್ಲಿ ಬ್ಯಾಟಿಂಗ್‌ನಲ್ಲಿ 110 ರನ್ ಹೊಡೆದರು. ಅದು ಅವರ 118ನೆಯ ಟೆಸ್ಟ್, ಬಾರಿಸಿದ್ದು ಮೊಟ್ಟಮೊದಲ ಶತಕ. ವಯಸ್ಸಾದ ಮೇಲೆ ಹೊಸದು ಬರುವುದಿಲ್ಲ ಅನ್ನುವವರಿಗೆ ಇದು ಉತ್ತರ. ಐವತ್ತರಲ್ಲಿ ಸಹಿ ಕಲಿತ, ಆಮೇಲೆ ಬ್ಯಾಂಕಿನ ಚಲನ್ ತುಂಬಲು ಕಲಿತ ಅಕ್ಕಂದಿರು ಈ ಸಭೆಯಲ್ಲೇ ಇದ್ದೀರಿ. ನೀವೂ ಉತ್ತರವೇ.

ಆ ವರ್ಷ ನವೆಂಬರ್‌ನಲ್ಲಿ, 37ನೆಯ ವಯಸ್ಸಿನಲ್ಲಿ, ಅವರನ್ನು ಟೆಸ್ಟ್ ತಂಡದ ನಾಯಕರನ್ನಾಗಿ ಮಾಡಿದರು. "ಆಳಾಗಬಲ್ಲವನು ಅರಸಾಗಬಲ್ಲ" ಅನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ. ಹದಿನೇಳು ವರ್ಷ ಆಡಿದವನಿಗೆ ಎದುರಾಳಿ ಗೊತ್ತು, ಪಿಚ್ ಗೊತ್ತು, ತನ್ನವರ ಕಷ್ಟ ಗೊತ್ತು, ಹೊರಗೆ ಕೂರುವ ಸಂಕಟವೂ ಗೊತ್ತು. 2008ರ ಜನವರಿಯಲ್ಲಿ ಅವರ ನಾಯಕತ್ವದಲ್ಲಿ ಭಾರತ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಗೆದ್ದಿತು. ಅವರ 600ನೆಯ ವಿಕೆಟ್ ಬಂದದ್ದೂ ಆ ಪಂದ್ಯದಲ್ಲೇ.

2008ರ ನವೆಂಬರ್ 2ರಂದು ದೆಹಲಿಯಲ್ಲಿ, ಹತ್ತಕ್ಕೆ ಹತ್ತು ತೆಗೆದ ಅದೇ ಮೈದಾನದಲ್ಲಿ, ಟೆಸ್ಟ್ ಆಟಕ್ಕೂ ವಿದಾಯ ಹೇಳಿದರು. ಆ ಪಂದ್ಯದಲ್ಲಿ ಎಡಗೈ ಬೆರಳಿಗೆ ಗಾಯವಾಗಿ ಹೊಲಿಗೆ ಬಿದ್ದಿತ್ತು. ಮೈ ಸಾಕು ಅಂದಿತು, ಅವರು ಕೇಳಿಸಿಕೊಂಡರು. ನಾಯಕತ್ವ ಮಹೇಂದ್ರ ಸಿಂಗ್ ಧೋನಿಗೆ ಹೋಯಿತು. ಆದರೆ ಕುಂಬ್ಳೆಯವರ ಅನುಭವ ಮನೆಯಲ್ಲಿ ಕೂರಲಿಲ್ಲ. 2009ರ ಐಪಿಎಲ್‌ನಲ್ಲಿ ಬೆಂಗಳೂರು ತಂಡವನ್ನು ಫೈನಲ್‌ವರೆಗೆ ಮುನ್ನಡೆಸಿದರು. 2010ರಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದರು. 2016ರಲ್ಲಿ ಒಂದು ವರ್ಷ ಭಾರತ ತಂಡಕ್ಕೆ ತರಬೇತುದಾರರಾದರು.

ಅವರ ಜೊತೆಗಾರ ನಮ್ಮ ಜಾವಗಲ್ ಶ್ರೀನಾಥ್ ಅವರದೂ ಇದೇ ದಾರಿ. ವೇಗದ ಬೌಲರ್. 1997ರಲ್ಲಿ ಅವರ ಭುಜವೂ ಸೋತು ತಿಂಗಳುಗಟ್ಟಲೆ ಆಡಲಾಗಲಿಲ್ಲ. ಮರಳಿ ಬಂದು 2003ರ ವಿಶ್ವಕಪ್‌ವರೆಗೆ ಆಡಿದರು. 2006ರಿಂದ ಮ್ಯಾಚ್ ರೆಫರಿ ಕೆಲಸಕ್ಕೆ ಬಂದರು. ಅಂದರೆ ಮೈದಾನದಲ್ಲಿ ನಿಯಮ, ಶಿಸ್ತು ಕಾಯುವ ಕೆಲಸ. ಚೆಂಡು ಎಸೆಯುವ ಕೈಗೆ ವಿಶ್ರಾಂತಿ, ಆಟ ಬಲ್ಲ ಕಣ್ಣಿಗೆ ಕೆಲಸ.

ನಮ್ಮ ಸಂಘಗಳಲ್ಲಿ ಇದನ್ನು ಮಾಡುವುದು ಹೇಗೆ?

ಈಗ ನಮ್ಮ ಅಂಗಳಕ್ಕೆ ಬರೋಣ. ಇಪ್ಪತ್ತು ವರ್ಷ ಜೀನ್ಸ್ ಹೊಲಿದ ಅಕ್ಕನಿಗೆ ಕತ್ತು ಹಿಡಿದುಕೊಂಡಿದೆ, ದಿನಕ್ಕೆ ಹತ್ತು ಗಂಟೆ ಕೂರಲು ಆಗುವುದಿಲ್ಲ. ಆದರೆ ಹೊಲಿಗೆ ಎಲ್ಲಿ ಬಿಟ್ಟಿದೆ, ಜಿಪ್ ಎಲ್ಲಿ ಸೊಟ್ಟಗಿದೆ ಅಂತ ಅವಳ ಕಣ್ಣು ಒಂದೇ ನೋಟಕ್ಕೆ ಹೇಳುತ್ತದೆ. ಸಂಘದವರು ಸೇರಿ ಹೊಲಿಗೆ ಕೆಲಸ ಹಿಡಿದರೆ ಚೆಕಿಂಗ್ ಅವಳದಾಗಲಿ. ಹೊಸ ಹುಡುಗಿಯರಿಗೆ ಕಲಿಸುವುದು ಅವಳದಾಗಲಿ.

ನಾಟಿ ಮಾಡಲಾಗದ ಅಕ್ಕನಿಗೆ ಯಾವ ಗದ್ದೆ ಎಷ್ಟು ಎಕರೆ, ಎಷ್ಟು ಆಳು ಬೇಕು, ಎಷ್ಟಕ್ಕೆ ಒಪ್ಪಬೇಕು ಎಲ್ಲಾ ಗೊತ್ತು. ಗುಂಪಿನ ಪರವಾಗಿ ರೈತರ ಹತ್ತಿರ ಗುತ್ತಿಗೆ ಮಾತಾಡುವುದು, ಆಳು ಹೊಂದಿಸುವುದು, ಹಾಜರಿ ಬರೆಯುವುದು ಅವಳು ಮಾಡಲಿ. ಚೀಲ ಹೊರಲಾಗದ ಅಕ್ಕನಿಗೆ ಮೆಣಸಿನಕಾಯಿಯ ಬಣ್ಣ, ಒಣಗು, ಬಿಳಿಗಾಯಿ ಎಲ್ಲವೂ ಕೈಯಲ್ಲಿ ಹಿಡಿದರೆ ತಿಳಿಯುತ್ತದೆ. ಕಾಯಿ ಆರಿಸುವ ಕಡೆ, ತೂಕದ ಕಡೆ ಅವಳನ್ನು ನಿಲ್ಲಿಸಿ. ತೂಕದಲ್ಲಿ ಮೋಸ ಆಗದಿದ್ದರೆ ಅದೇ ಒಂದು ಲಾಭ.

ಆದರೆ ಒಂದು ಮಾತು ಕಡ್ಡಾಯ. ಈ ಕೆಲಸಗಳಿಗೆ ಕೂಲಿ ಕೊಡಬೇಕು. "ಪಾಪ, ಮನೇಲಿ ಕೂತಿದ್ದಾಳೆ, ಸುಮ್ಮನೆ ಬಂದು ಲೆಕ್ಕ ಬರೀಲಿ" ಅನ್ನಬೇಡಿ. ಅದು ಕನಿಕರ ಆಯಿತು. ಕುಂಬ್ಳೆಯನ್ನು ಕನಿಕರಕ್ಕೆ ನಾಯಕನನ್ನಾಗಿ ಮಾಡಲಿಲ್ಲ, ಅವರಿಂದ ತಂಡಕ್ಕೆ ಉಪಯೋಗ ಇತ್ತು ಅಂತ ಮಾಡಿದರು.

"ಎಲ್ಲಾ ಸರಿ ಸಿಸ್ಟರ್, ಅವಳು ಹುಷಾರಾಗೋತನಕ ಕಂತು ಯಾರು ಕಟ್ಟೋರು? ಒಬ್ಬಳು ಕಟ್ಟದಿದ್ದರೆ ಬ್ಯಾಂಕಿನಲ್ಲಿ ಇಡೀ ಸಂಘದ ಹೆಸರು ಕೆಡುತ್ತೆ." ಇದು ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕೋಣ. ನಿಮ್ಮ ಸಂಘದಲ್ಲಿ 15 ಜನ ಇದ್ದೀರಿ ಅಂದುಕೊಳ್ಳಿ. ಉಳಿತಾಯದ ಜೊತೆ ವಾರಕ್ಕೆ ತಲಾ 10 ರೂಪಾಯಿ ಬೇರೆ ಇಡಿ. ವಾರಕ್ಕೆ 150 ರೂಪಾಯಿ, ವರ್ಷಕ್ಕೆ 7,800 ರೂಪಾಯಿ. ಒಬ್ಬಳ ಕಂತು ತಿಂಗಳಿಗೆ 1,000 ಇದ್ದರೆ, ನಾಲ್ಕು ತಿಂಗಳಿಗೆ 4,000. ಇಬ್ಬರಿಗೆ ಕಷ್ಟ ಬಂದರೂ 8,000, ಇನ್ನೂರು ರೂಪಾಯಿ ಮಾತ್ರ ಕಡಿಮೆ ಬೀಳುತ್ತದೆ. ಈ ಹಣ ದಾನ ಅಲ್ಲ. ಅವಳು ದುಡಿಯಲು ಶುರು ಮಾಡಿದ ಮೇಲೆ ಬಡ್ಡಿಯಿಲ್ಲದೆ ನಿಧಾನವಾಗಿ ತುಂಬಲಿ. ನಿಯಮವನ್ನು ಮೊದಲೇ ಬರೆದಿಡಿ: ಎಷ್ಟು ತಿಂಗಳು, ಎಷ್ಟು ಹಣ, ವೈದ್ಯರ ಚೀಟಿ ಬೇಕೇ ಬೇಡವೇ. ಕಷ್ಟ ಬಂದ ಮೇಲೆ ನಿಯಮ ಮಾಡಲು ಹೋದರೆ ಜಗಳವಾಗುತ್ತದೆ.

ಬ್ಯಾಂಕಿಗೂ ಕಂತು ತಪ್ಪಿದ ಮೇಲೆ ಹೋಗಬೇಡಿ, ತಪ್ಪುವ ಮುಂಚೆ ಹೋಗಿ. ಇಬ್ಬರು ಪ್ರತಿನಿಧಿಗಳು ನಡಾವಳಿ ಪುಸ್ತಕ ಹಿಡಿದು ಮ್ಯಾನೇಜರ್ ಹತ್ತಿರ ಹೋಗಿ, ವಿಷಯ ತಿಳಿಸಿ, ಕಂತಿನ ಅವಧಿ ಬದಲಿಸಲು ಸಾಧ್ಯವೇ ಅಂತ ಲಿಖಿತವಾಗಿ ಕೇಳಿ.

ವಿಮೆಯ ಮಾತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಲ್ಲಿ ಶುರುವಾಯಿತು. 18ರಿಂದ 70 ವರ್ಷದೊಳಗಿನವರು, ಬ್ಯಾಂಕಿನಲ್ಲಿ ಉಳಿತಾಯ ಖಾತೆ ಇರುವವರು ಸೇರಬಹುದು. 2022ರ ಜೂನ್‌ನಿಂದ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವಾದರೆ ಅಥವಾ ಪೂರ್ತಿ ಅಂಗವಿಕಲತೆ ಆದರೆ 2 ಲಕ್ಷ, ಶಾಶ್ವತವಾಗಿ ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಹೋದರೆ 1 ಲಕ್ಷ. ಆದರೆ ಇದು ಅಪಘಾತಕ್ಕೆ ಮಾತ್ರ. ವರ್ಷಗಟ್ಟಲೆ ದುಡಿದು ಬಂದ ಸೊಂಟ ನೋವಿಗೆ ಇದರಿಂದ ಏನೂ ಸಿಗುವುದಿಲ್ಲ. ಅದಕ್ಕೇ ಸಂಘದ ನಿಧಿ ಬೇಕು ಅಂತ ಒತ್ತಿ ಹೇಳುತ್ತಿದ್ದೇವೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು ನಿಮ್ಮ ಯೂನಿಟ್‌ನಲ್ಲಿ ಇ.ಎಸ್.ಐ. ಇದೆಯೇ, ನಿಮ್ಮ ಹೆಸರು ಅದರಲ್ಲಿದೆಯೇ ಅಂತ ವಿಚಾರಿಸಿ. ಇದ್ದರೆ ಚಿಕಿತ್ಸೆಯ ಜೊತೆಗೆ, ನಿಯಮದ ಪ್ರಕಾರ ಕಾಯಿಲೆ ರಜೆಯ ದಿನಗಳಿಗೂ ಕೂಲಿಯ ಒಂದು ಪಾಲು ಸಿಗುತ್ತದೆ.

ಕೊನೆಯದಾಗಿ

ಮರಳಿ ಬರಲಾಗದವರೂ ಇದ್ದಾರೆ. ಕುಂಬ್ಳೆ ಮರಳಿ ಬಂದರು, ಎಷ್ಟೋ ಆಟಗಾರರು ಒಂದೇ ಪೆಟ್ಟಿಗೆ ಮರೆಯಾಗಿದ್ದಾರೆ. ನಮ್ಮಲ್ಲೂ ಹಾಸಿಗೆ ಹಿಡಿದವರಿದ್ದಾರೆ. ಅವರಿಗೆ ಹೊಸ ಪಾತ್ರ ಹುಡುಕುವುದು ಸಾಧ್ಯವಾಗದಿರಬಹುದು. ಹಾಗಂತ ಅವರ ಬೆಲೆ ಕಡಿಮೆಯಾಗುವುದಿಲ್ಲ. ಸಂತ ಪೌಲರು ಕೊರಿಂಥದ ಜನರಿಗೆ ಬರೆದ ಪತ್ರದಲ್ಲಿ ಸಮುದಾಯವನ್ನು ಒಂದು ದೇಹಕ್ಕೆ ಹೋಲಿಸುತ್ತಾರೆ. ಬಲಹೀನ ಅಂತ ಕಾಣುವ ಅಂಗವೂ ದೇಹಕ್ಕೆ ಬೇಕೇ ಬೇಕು ಅನ್ನುವುದು ಅದರ ತಾತ್ಪರ್ಯ. ಈ ಸಭೆಯಲ್ಲಿ ಬೇರೆ ಬೇರೆ ಧರ್ಮದವರು ಕೂತಿದ್ದೀರಿ, ಆದರೆ ಕಾಲಿಗೆ ಮುಳ್ಳು ಚುಚ್ಚಿದರೆ ಕಣ್ಣಲ್ಲಿ ನೀರು ಬರುವುದು ಎಲ್ಲರಿಗೂ ಒಂದೇ ರೀತಿ. ಹಾಸಿಗೆ ಹಿಡಿದವಳ ಹೆಸರು ಹಾಜರಿ ಪುಸ್ತಕದಲ್ಲಿ ಇರಲಿ. ವಾರಕ್ಕೆ ಇಬ್ಬರು ಹೋಗಿ ಅವಳ ಪಕ್ಕ ಹತ್ತು ನಿಮಿಷ ಕೂತು ಬನ್ನಿ. ಸಂಘದ ಮಾತು ಹೇಳಿ, ಅವಳ ಸಲಹೆ ಕೇಳಿ.

ನಿಮ್ಮಿಂದ ಒಂದೇ ಒಂದು ಕೆಲಸ ಕೇಳಿ ಮಾತು ಮುಗಿಸುತ್ತೇವೆ. ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿದ ಮೇಲೆ ಎಲ್ಲರನ್ನೂ ಎರಡು ಪ್ರಶ್ನೆ ಕೇಳಿ. ನಿನ್ನ ಮೈಯಲ್ಲಿ ಎಲ್ಲಿ ನೋವಿದೆ? ಆ ನೋವಿನಿಂದ ಈ ಕೆಲಸ ಬಿಡಬೇಕಾಗಿ ಬಂದರೆ ನೀನು ಇನ್ನೇನು ಬಲ್ಲೆ? ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಹೆಸರಿನ ಮುಂದೆ ಬರೆಯಿರಿ. ಮೊದಲ ಪ್ರಶ್ನೆಗೆ ಎಲ್ಲರೂ ಬೇಗ ಉತ್ತರ ಕೊಡುತ್ತೀರಿ. ಎರಡನೆಯದಕ್ಕೆ "ನನಗೇನು ಬರುತ್ತೆ, ಏನೂ ಬರಲ್ಲ" ಅನ್ನುತ್ತೀರಿ. ಆಗ ಪಕ್ಕದಲ್ಲಿ ಕೂತವಳು ಉತ್ತರ ಹೇಳಲಿ. ನಿಮ್ಮ ಕೈಯಲ್ಲಿ ಏನಿದೆ ಅಂತ ನಿಮಗಿಂತ ಅವಳಿಗೆ ಚೆನ್ನಾಗಿ ಗೊತ್ತಿರುತ್ತದೆ.

ದೇವರು ನಿಮ್ಮೆಲ್ಲರಿಗೂ, ನಿಮ್ಮ ಮನೆಯವರಿಗೂ ಆರೋಗ್ಯ ಕೊಡಲಿ.